ಸ್ಟ್ರೀಟ್ 750: ಬೈಯುವವರ ಮಾತೂ ನಿಜ, ನನ್ನ ಪ್ರೀತಿಯೂ ನಿಜ

ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಸ್ಟ್ರೀಟ್ 750 ಬೈಕ್ ಇಟ್ಟುಕೊಂಡವರನ್ನು ಮಾತಿಗೆಳೆದು ನೋಡಿ. ಅರ್ಧ ಗಂಟೆ ಎಂಜಿನ್ನಿನ ಗುಣಗಾನ ಮಾಡಿದವರೇ ಮುಂದಿನ ಅರ್ಧ ಗಂಟೆ ಉಳಿದದ್ದನ್ನೆಲ್ಲ ದೂರುತ್ತಾರೆ. ಎರಡೂ ಮನಸ್ಸಿನಿಂದ ಬಂದ ಮಾತುಗಳೇ. ತಯಾರಿಕೆ ನಿಂತ ಮೇಲೆ ಈ ಬೈಕನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಬೆಂಗಳೂರಿನ ದಟ್ಟಣೆಯಲ್ಲೂ ಮಲೆನಾಡಿನ ಘಾಟಿಗಳಲ್ಲೂ ಓಡಿಸುತ್ತಿದ್ದೇನೆ. ಕೊಳ್ಳುವ ಮೊದಲು ಕೇಳಿದ ದೂರುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ, ನಿಂತದ್ದಕ್ಕೆ ನಾನು ಏನು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೂರುಗಳ ಬೇರು ಇರುವುದು ಈ ಬೈಕಿನ ಹುಟ್ಟಿನಲ್ಲಿ. 2013ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್ ಬೈಕ್ ಪ್ರದರ್ಶನದಲ್ಲಿ ಇದನ್ನೂ ಇದರ ತಮ್ಮ ಸ್ಟ್ರೀಟ್ 500 ಅನ್ನೂ ಕಂಪನಿ ಜಗತ್ತಿಗೆ ತೋರಿಸಿತು. 2014ರ ಫೆಬ್ರುವರಿಯ ಆಟೋ ಎಕ್ಸ್‌ಪೋದಲ್ಲಿ 750 ಭಾರತದ ಮಾರುಕಟ್ಟೆಗೆ ಬಂತು. ದೆಹಲಿಯ ಎಕ್ಸ್-ಶೋರೂಂ ಬೆಲೆ 4.10 ಲಕ್ಷ ರೂಪಾಯಿ. ಹರಿಯಾಣದ ಬಾವಲ್ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದುದರಿಂದ ವಿದೇಶದಿಂದ ಇಡಿಯಾಗಿ ತರಿಸುವ ಬೈಕಿನ ಸುಂಕ ಇದರ ಮೇಲೆ ಬೀಳಲಿಲ್ಲ. ಆ ಹೆಸರನ್ನು ಪೋಸ್ಟರಿನಲ್ಲಷ್ಟೇ ನೋಡಿದ್ದವರಿಗೆ ಅದು ಬ್ಯಾಂಕ್ ಸಾಲದ ಅಳತೆಗೆ ಸಿಕ್ಕಿತು. ಆದರೆ ಟ್ಯಾಂಕಿನ ಕೆಳಗೆ ಇದ್ದದ್ದು ಜನ ಆ ಹೆಸರಿನೊಂದಿಗೆ ಜೋಡಿಸಿಕೊಂಡಿದ್ದ ಎಂಜಿನ್ ಆಗಿರಲಿಲ್ಲ.

ಹಾರ್ಲೆ ಎಂದೊಡನೆ ಕಿವಿ ನಿರೀಕ್ಷಿಸುವ ಆ ಕುಂಟು ತಾಳದ ಗುಡುಗಿಗೆ ಸ್ಪಷ್ಟವಾದ ಕಾರಣವಿದೆ. ಅವರ ಸಾಂಪ್ರದಾಯಿಕ ಎಂಜಿನ್‌ಗಳಲ್ಲಿ ಎರಡು ಸಿಲಿಂಡರ್‌ಗಳ ನಡುವಿನ ಕೋನ 45 ಡಿಗ್ರಿ. ಎರಡೂ ಪಿಸ್ಟನ್‌ಗಳು, ಅವುಗಳ ಏರಿಳಿತವನ್ನು ಸುತ್ತಾಟವಾಗಿಸುವ ಕ್ರ್ಯಾಂಕಿನ ಒಂದೇ ಪಿನ್ನಿಗೆ ಜೋಡಣೆಯಾಗಿರುತ್ತವೆ. ಹಾಗಾಗಿ ಒಂದು ಸಿಲಿಂಡರ್ ಉರಿದ 315 ಡಿಗ್ರಿಗಳ ನಂತರ ಇನ್ನೊಂದು, ಅಲ್ಲಿಂದ 405 ಡಿಗ್ರಿಗಳ ನಂತರ ಮತ್ತೆ ಮೊದಲಿನದು. ಹತ್ತಿರ, ದೂರ, ಹತ್ತಿರ, ದೂರ. ಈ ಅಸಮ ಅಂತರವೇ ಆ ಸದ್ದು. ಸ್ಟ್ರೀಟ್‌ನ 749 ಸಿಸಿ ಎಂಜಿನ್ನಿನಲ್ಲಿ ಕೋನ 60 ಡಿಗ್ರಿ. ಬೋರ್, ಅಂದರೆ ಸಿಲಿಂಡರಿನ ಅಗಲ, 85 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 66 ಮಾತ್ರ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಮೇಲೆ ಅವನ್ನು ತೆರೆಯುವ ಒಂದು ಕ್ಯಾಮ್‌ಶಾಫ್ಟ್, ಸುತ್ತಲೂ ನೀರಿನ ಕವಚ, ಮುಂದೆ ಎತ್ತರದ ರೇಡಿಯೇಟರ್. ಇದು ಗುಡುಗುವುದಿಲ್ಲ, ನಿಂತಲ್ಲಿ ಮೆಲ್ಲಗೆ ಗುರುಗುಟ್ಟುತ್ತದೆ, ಬಿಟ್ಟರೆ ಸರಾಗವಾಗಿ ಸುತ್ತುತ್ತದೆ.

ನೀರಿನಿಂದ ತಂಪಾಗುವ ಎಂಜಿನ್ ಆ ಮನೆತನಕ್ಕೆ ಹೊಸದೇನೂ ಅಲ್ಲ. 2001ರಲ್ಲಿ ಪೋರ್ಷೆ ಜೊತೆ ಸೇರಿ ಮಾಡಿದ ವಿ-ರಾಡ್ ಕೂಡ 60 ಡಿಗ್ರಿಯ, ನೀರಿನ ಎಂಜಿನ್ನಿನ ಬೈಕೇ. ಅದನ್ನೂ ಹಳಬರು ಪೂರ್ತಿ ಒಪ್ಪಲಿಲ್ಲ. 2017ರಲ್ಲಿ ಅದೂ ನಿಂತಿತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವರು "ಇದು ನಿಜವಾದ ಹಾರ್ಲೆಯೇ?" ಎಂದು ಈಗಲೂ ನನ್ನನ್ನು ಕೇಳುತ್ತಾರೆ. ಆ ಸದ್ದಿಗಾಗಿಯೇ ಹಾರ್ಲೆ ಬೇಕಾದವರಿಗೆ ಇದು ಬೇಡ, ಅವರ ಬೇಸರ ನ್ಯಾಯವಾದದ್ದೇ. ನನಗೆ ಬೇಕಾಗಿದ್ದದ್ದು ಬೇರೆ: ತಗ್ಗು ಆಸನ, ನೇರವಾಗಿ ಕೂರುವ ಭಂಗಿ, ಗೇರ್ ಬದಲಿಸುವ ಗೋಜಿಲ್ಲದೆ ಕೆಳಗಿನಿಂದಲೇ ಎಳೆಯುವ ಎಂಜಿನ್. ಈ ಮೂರೂ ಇದರಲ್ಲಿವೆ.

ಆ ಎಳೆತ ಹೇಗಿದೆ ಎಂಬುದು ಚಾರ್ಮಾಡಿಯಲ್ಲಿ ತಿಳಿಯುತ್ತದೆ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ತಿರುವಿನ ಮೇಲೆ ತಿರುವು, ಮುಂದೆ ಉಸಿರುಗಟ್ಟಿ ಏರುತ್ತಿರುವ ಬಸ್. ಚಿಕ್ಕ ಎಂಜಿನ್ನಿನ ಬೈಕಿನಲ್ಲಿ ಇಲ್ಲಿ ಎರಡು, ಮೂರು, ಮತ್ತೆ ಎರಡು ಎಂದು ಕಾಲು ಆಡುತ್ತಲೇ ಇರಬೇಕು. ಸ್ಟ್ರೀಟ್‌ನಲ್ಲಿ ಮೂರನೇ ಗೇರಿಗೆ ಹಾಕಿದರೆ ಹೆಚ್ಚುಕಡಿಮೆ ಇಡೀ ಘಾಟಿಗೆ ಅದೇ ಸಾಕು. ತಿರುವಿನೊಳಗೆ ಥ್ರಾಟಲ್ಲನ್ನು ಕೂದಲೆಳೆಯಷ್ಟು ತೆರೆದಿಟ್ಟು, ಹೊರಬರುವಾಗ ಮೆಲ್ಲನೆ ಬಿಚ್ಚಿದರೆ ಬೈಕ್ ತಾನಾಗಿ ನೆಟ್ಟಗಾಗುತ್ತಾ ಮುಂದೆ ಸಾಗುತ್ತದೆ. ಟಾರ್ಕಿನ, ಅಂದರೆ ಎಳೆಯುವ ಬಲದ, ತುದಿ ನಿಮಿಷಕ್ಕೆ 4,000 ಸುತ್ತಿನ (ಆರ್‌ಪಿಎಂ) ಆಸುಪಾಸಿನಲ್ಲೇ ಇರುವುದರಿಂದ ಎಂಜಿನ್ನನ್ನು ಕಿರುಚಿಸುವ ಅಗತ್ಯವೇ ಬೀಳುವುದಿಲ್ಲ. ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಇಲ್ಲ ಎಂಬ ದೂರನ್ನು ನಾನು ಇದೇ ಕಾರಣಕ್ಕೆ ಪಟ್ಟಿಯಿಂದ ಹೊಡೆದುಹಾಕಿದೆ. ಈ ಎಂಜಿನ್ನನ್ನು ಕಿವಿಯಲ್ಲೇ ಓಡಿಸಬಹುದು.

ಅದೇ ಘಾಟಿಯಲ್ಲಿ ಇನ್ನೊಂದು ದೂರು ನಿಜವೆಂದು ಸಾಬೀತಾಗುತ್ತದೆ. ಈ ಬೈಕ್ ವಾಲಬಹುದಾದ ಮಿತಿ 28.5 ಡಿಗ್ರಿ. ಅದಕ್ಕಿಂತ ಹೆಚ್ಚು ವಾಲಿಸಿದರೆ ಫುಟ್‌ಪೆಗ್ ರಸ್ತೆಗೆ ಉಜ್ಜುತ್ತದೆ. ತಗ್ಗು ಆಸನ ಬೇಕೆಂದರೆ ತೆರಬೇಕಾದ ಬೆಲೆ ಇದು. ನಾನು ತಿರುವಿಗೆ ಮೊದಲೇ ವೇಗ ಇಳಿಸಿ, ಬೈಕನ್ನು ಹೆಚ್ಚು ವಾಲಿಸದೆ ನನ್ನ ಭುಜವನ್ನು ಒಳಕ್ಕೆ ಬಾಗಿಸುತ್ತೇನೆ. ಮಳೆಗಾಲದ ಮಂಜಿನಲ್ಲಿ ಈ ಅಭ್ಯಾಸ ಹೇಗೂ ಒಳ್ಳೆಯದೇ.

ಹಂಪ್‌ಗಳ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು, ನಮ್ಮ ಊರುಗಳ ರಸ್ತೆಯಲ್ಲಿ ದಿನವೂ ಎದುರಾಗುವುದು ಅದೇ. ನೆಲದಿಂದ ಹೊಟ್ಟೆಗೆ ಇರುವ ಅಂತರ 145 ಮಿಲಿಮೀಟರ್. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಆಟವೂ ಸೀಮಿತ. ಸವಾರನೊಬ್ಬನೇ ಇದ್ದರೆ ಸರಿ. ಹಿಂದೆ ಒಬ್ಬರು ಕೂತು ಪಕ್ಕದಲ್ಲಿ ಚೀಲ ತೂಗಿದರೆ ಹೊಟ್ಟೆ ತಗುಲುವ ಸಂಭವ ಹೆಚ್ಚು. ನಾನು ಮೊದಲು ಕೈಹಾಕಿದ್ದು ಇಲ್ಲಿಗೇ. ಶಾಕ್‌ನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚಿದ ಉಂಗುರವಿದೆ, ಕೊಕ್ಕೆ ಸ್ಪ್ಯಾನರ್ ಸಿಕ್ಕಿಸಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಮೊದಲು ಹಲ್ಲುಜ್ಜುವ ಬ್ರಷ್ಷಿನಿಂದ ಆ ಮೆಟ್ಟಿಲುಗಳ ಮಣ್ಣು ತೆಗೆಯಬೇಕು, ಇಲ್ಲದಿದ್ದರೆ ಸ್ಪ್ಯಾನರ್ ಜಾರಿ ಗೆಣ್ಣು ತರಚುತ್ತದೆ. ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಹಿಂಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ಸೀಟಿನ ಅಂಚಿಗೆ ಒಂದು ಅಳತೆ, ಇಬ್ಬರೂ ಕೂತ ಮೇಲೆ ಇನ್ನೊಂದು ಅಳತೆ. ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದಿಟ್ಟು ಒಂದೊಂದೇ ಮೆಟ್ಟಿಲು ಏರಿಸಿದೆ. ಒಬ್ಬನೇ ಇರುವಾಗ ಎಲ್ಲಿರಬೇಕು, ಇಬ್ಬರಿದ್ದಾಗ ಎಲ್ಲಿರಬೇಕು ಎಂಬುದು ಈಗ ಗೊತ್ತಿದೆ. ದೂರದ ಪಯಣದ ಹಿಂದಿನ ರಾತ್ರಿ ಹತ್ತು ನಿಮಿಷದ ಕೆಲಸ. ಎತ್ತರದ ಹಂಪ್ ಬಂದರೆ ಓರೆಯಾಗಿ, ಕ್ಲಚ್ಚಿನಲ್ಲಿ ತೆವಳುತ್ತಾ, ಬ್ರೇಕ್ ಬಿಟ್ಟು ದಾಟುತ್ತೇನೆ. ಹಂಪಿನ ಮೇಲೆ ಬ್ರೇಕ್ ಹಿಡಿದರೆ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕುಗ್ಗಿ, ಇರುವ ಅಂತರವೂ ಕಡಿಮೆಯಾಗುತ್ತದೆ.

ಉದ್ದನೆಯ ಶಾಕ್ ಹಾಕಿಸಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಹಿಂಭಾಗ ಎತ್ತರವಾದರೆ ಮುಂದಿನ ಫೋರ್ಕಿನ ಓರೆ ಬದಲಾಗುತ್ತದೆ, ಬೈಕ್ ಚುರುಕಾಗಿ ತಿರುಗುತ್ತದೆ, ನೇರ ರಸ್ತೆಯ ಸ್ಥಿರತೆ ಸ್ವಲ್ಪ ಕರಗುತ್ತದೆ. ಈ ಬೈಕಿನ ಆ ನೆಮ್ಮದಿಯ ನಡಿಗೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಬಿಸಿಯ ಮಾತು. ಎಂಜಿನ್ ತಂಪಾಗಲು ನೀರಿದ್ದರೂ ಆ ಶಾಖ ಎಲ್ಲಾದರೂ ಹೋಗಲೇಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ಸರಿಯುವಾಗ ಫ್ಯಾನ್ ಶುರುವಾಗಿ, ರೇಡಿಯೇಟರಿನ ಬಿಸಿಗಾಳಿ ಸವಾರನ ಕಾಲಿನತ್ತ ಬರುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ, ಹದದಲ್ಲಿ ಇಡಬಹುದು. ಬೇಸಿಗೆ ಬಂದಾಗ ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಮಣ್ಣು, ಹುಳುಹುಪ್ಪಟೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯುತ್ತೇನೆ. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್‌ನ ಮಟ್ಟವನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಬೇಕು. ನಲ್ಲಿ ನೀರು ಸುರಿಯುವುದು, ಬೇರೆ ಬಗೆಯ ಕೂಲಂಟ್ ಬೆರೆಸುವುದು ಎರಡೂ ಬೇಡ. ಒಳಗೆ ಗಸಿ ಕಟ್ಟಿದರೆ ಅದನ್ನು ತೆಗೆಯುವುದು ದೊಡ್ಡ ಕೆಲಸ. ಉದ್ದದ ಸಿಗ್ನಲ್ ಕಂಡರೆ ಎಂಜಿನ್ ಆರಿಸಿಬಿಡುತ್ತೇನೆ.

ಚೈನಿನ ಬದಲು ಪಟ್ಟಿಯಿಂದ ಹಿಂಚಕ್ರ ತಿರುಗಿಸುವ ಬೆಲ್ಟ್ ಡ್ರೈವ್ ಮಾತ್ರ ನನಗೆ ಈ ಬೈಕಿನ ದೊಡ್ಡ ವರ. ಚೈನಿಗೆ ಎಣ್ಣೆ ಹಾಕುವ, ಚಕ್ರದ ತುಂಬಾ ಕಪ್ಪು ಕಲೆ ಒರೆಸುವ ಕೆಲಸವೇ ಇಲ್ಲ. ಇದಕ್ಕಿರುವ ಶತ್ರು ಕಲ್ಲು. ಕಾಫಿ ತೋಟದ ಮಣ್ಣುದಾರಿಯಲ್ಲಿ ಹೋಗಿಬಂದರೆ ಜೋಳದ ಕಾಳಿನಷ್ಟು ಹರಳೊಂದು ಬೆಲ್ಟ್ ಸುತ್ತುವ ಪುಲ್ಲಿಯ ಹಲ್ಲುಗಳ ನಡುವೆ ಸೇರಿಕೊಂಡಿರಬಹುದು. ಅದರ ಮೇಲೆ ಬೆಲ್ಟ್ ಸುತ್ತಿದಷ್ಟೂ ಒಳಗಿನ ಎಳೆಗಳು ಕಡಿಯುತ್ತಾ ಹೋಗುತ್ತವೆ. ಹಾಗಾಗಿ ಕಚ್ಚಾ ರಸ್ತೆ ಮುಗಿದೊಡನೆ ನಿಲ್ಲಿಸಿ, ಮೊಬೈಲ್ ಬೆಳಕಿನಲ್ಲಿ ಹಿಂದಿನ ಪುಲ್ಲಿಯನ್ನು ನೋಡುತ್ತೇನೆ. ಬೈಕನ್ನು ಅರ್ಧ ಸುತ್ತು ತಳ್ಳಿ ಮಿಕ್ಕ ಹಲ್ಲುಗಳನ್ನೂ ನೋಡುತ್ತೇನೆ. ಎಂಜಿನ್ ಆರಿಸಿಯೇ ಇದನ್ನು ಮಾಡಬೇಕು.

ಬ್ರೇಕ್ ಬಗ್ಗೆ ಮೊದಲ ವರ್ಷಗಳಲ್ಲಿ ವಿಮರ್ಶಕರು ಬಹಳ ಬರೆದರು. 2016ರ ಮಾದರಿಗೆ ಬ್ರೇಕ್ ಸುಧಾರಿಸಿತು, 2017ರಲ್ಲಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬಂತು. ನಾನು ಹುಡುಕಿದ್ದು ಎಬಿಎಸ್ ಇರುವುದನ್ನೇ. ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಬೈಕ್‌ಗಳನ್ನು ಬಿಟ್ಟಿದ್ದಕ್ಕೆ ಮಳೆಯ ಶಿರಾಡಿಯಲ್ಲಿ ಪ್ರತಿ ಸಲವೂ ಸಮಾಧಾನವಾಗುತ್ತದೆ.

13.1 ಲೀಟರಿನ ಟ್ಯಾಂಕ್ ದೂರ ಪಯಣಕ್ಕೆ ಚಿಕ್ಕದು ಎಂಬುದೂ ಸರಿ. ಬೆಂಗಳೂರಿನಿಂದ ಹೊರಟರೆ ಹಾಸನದಲ್ಲಿ ಪೆಟ್ರೋಲ್ ತುಂಬಿಸಿ, ಅಲ್ಲಿಂದ ಬೇಲೂರು, ಮೂಡಿಗೆರೆ ಕಡೆಗೆ ಹೋಗುತ್ತೇನೆ. ಮೈಸೂರು ಕಡೆಯ ಕಥೆ ಬೇರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 749 ಸಿಸಿ ಆದರೂ ಸರ್ವಿಸ್ ರಸ್ತೆಯೇ ಗತಿ. ಹಾಗಾಗಿ ಹಾಸನದತ್ತ ಹೋಗುವ ಕುಣಿಗಲ್, ಚನ್ನರಾಯಪಟ್ಟಣದ ದಾರಿಯೇ ನನಗೀಗ ಹೆಚ್ಚು ಪರಿಚಿತ.

ಮನಸ್ಸು ನಿಜವಾಗಿ ಎರಡಾಗುವುದು ಇನ್ನೊಂದು ಕಾರಣಕ್ಕೆ. 2020ರ ಸೆಪ್ಟೆಂಬರ್ 24ರಂದು ಕಂಪನಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಅಕ್ಟೋಬರ್ 27ರಂದು ಹೀರೊ ಮೋಟೊಕಾರ್ಪ್ ಜೊತೆ ಒಪ್ಪಂದವಾಗಿ ಮಾರಾಟ, ಸರ್ವಿಸ್, ಬಿಡಿಭಾಗಗಳ ಹೊಣೆ ಅವರ ಪಾಲಿಗೆ ಬಂತು. 2023ರ ಜುಲೈನಲ್ಲಿ ಬಂದ ಎಕ್ಸ್440 ಈ ಒಪ್ಪಂದದ ಕೂಸು. ಒಂದೇ ಸಿಲಿಂಡರಿನ, ಬೇರೆಯೇ ಸ್ವಭಾವದ ಬೈಕ್. ಸ್ಟ್ರೀಟ್‌ಗೆ ಉತ್ತರಾಧಿಕಾರಿ ಬರಲಿಲ್ಲ. ಕಂತು ಕಟ್ಟುತ್ತಿರುವಾಗಲೇ ಮಾದರಿ ನಿಂತುಹೋದವರ ನೋವು ನನಗೆ ಅರ್ಥವಾಗುತ್ತದೆ. ಕೊಂಡ ವಸ್ತುವಿನ ಮೌಲ್ಯ ಒಂದು ಪ್ರಕಟಣೆಯಿಂದ ಕುಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆ ಕುಸಿತದಿಂದಲೇ ನನ್ನಂಥವರ ಕೈಗೆ ಇದು ಸಿಕ್ಕಿತು ಎಂಬುದನ್ನೂ ಮರೆಯಲಾರೆ.

ಬಿಡಿಭಾಗ ಸಿಗುತ್ತದೆ, ಬೇಗ ಸಿಗುವುದಿಲ್ಲ. ಒಂದು ಚಿಕ್ಕ ಸೆನ್ಸರ್‌ಗಾಗಿ ಒಂದು ವರ್ಕ್‌ಶಾಪ್ ನನ್ನನ್ನು "ಮುಂದಿನ ವಾರ" ಎಂದು ಕಾಯಿಸುತ್ತಲೇ ಹೋಯಿತು. ಆಮೇಲೆ ನಾನು ದಾರಿ ಬದಲಿಸಿದೆ. ಬ್ರೇಕ್ ಪ್ಯಾಡ್, ಎಣ್ಣೆಯ ಮತ್ತು ಗಾಳಿಯ ಫಿಲ್ಟರ್, ಕ್ಲಚ್ ಕೇಬಲ್ ಸದಾ ಮನೆಯಲ್ಲಿರುತ್ತವೆ. ಪ್ರತಿ ಭಾಗದ ನಂಬರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಹೆಸರು ಹೇಳಿ ಕೇಳುವುದಕ್ಕಿಂತ ನಂಬರ್ ಕೊಟ್ಟರೆ ಯಾವ ಊರಿನ ಅಂಗಡಿಯೂ ಹುಡುಕಿಕೊಡಬಲ್ಲದು. ಇದೇ ಬೈಕ್ ಇರುವ ನಾಲ್ಕಾರು ಮಂದಿ ಪರಸ್ಪರ ಫೋನಿನಲ್ಲಿದ್ದೇವೆ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಕಪಾಟಿನಲ್ಲಿರುತ್ತದೆ.

ಟೈರ್‌ಗೂ ಮುಂಚೆಯೇ ಯೋಚಿಸಬೇಕು. ಮುಂದೆ 100/80-17 ಸುಲಭದ ಅಳತೆ. ಹಿಂದೆ 140/75-15, ಇದು ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ. ಸವೆತದ ಗುರುತು ತಲುಪುವ ಮೊದಲೇ ಆರ್ಡರ್ ಕೊಡುತ್ತೇನೆ. ಬಂದ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದದೆ ಹಾಕಿಸುವುದಿಲ್ಲ. ಮೊದಲೆರಡು ವಾರ, ಕೊನೆಯೆರಡು ವರ್ಷ: 3519 ಎಂದರೆ 2019ರ 35ನೇ ವಾರದ್ದು. ಕಡಿಮೆ ಮಾರಾಟದ ಅಳತೆಯ ಟೈರ್ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುವುದುಂಟು.

ಈಗ ಕೊಳ್ಳಬೇಕೆಂದಿರುವವರಿಗೆ ನಾನು ನೋಡಿದ ಕ್ರಮ ಹೇಳುತ್ತೇನೆ. ಬೈಕನ್ನು ತಣ್ಣಗಿರುವಾಗಲೇ ನೋಡಲು ಹೋಗಿ. ಮಾರುವವರು ಮೊದಲೇ ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಕೂಲಂಟಿನ ಬಣ್ಣ, ಬೆಲ್ಟಿನ ಹಲ್ಲು, ಫೋರ್ಕ್ ಸೀಲಿನ ಸುತ್ತ ಎಣ್ಣೆಯ ಜಿಡ್ಡು, ಹ್ಯಾಂಡಲ್ ಕೆಳಗಿನ ವೈರುಗಳಿಗೆ ಯಾರಾದರೂ ಟೇಪ್ ಸುತ್ತಿದ್ದಾರೆಯೇ ಎಂದು ನೋಡಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಅದನ್ನು ಆರಿಸದೆ ಬೈಕನ್ನು ನಿಂತಲ್ಲೇ ಬಿಟ್ಟು ಕಾಯಿರಿ. ಫ್ಯಾನ್ ಶುರುವಾಗಬೇಕು, ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲಬೇಕು, ಮತ್ತೆ ಶುರುವಾಗಬೇಕು. ಇಷ್ಟಾಗಲು ಸಮಯ ಹಿಡಿಯುತ್ತದೆ. ಅಷ್ಟು ಹೊತ್ತು ಎಂಜಿನ್ ಓಡಲು ಬಿಡದೆ ಮಾರುವವರು ಅವಸರ ಮಾಡಿದರೆ, ಬೆಲೆ ಎಷ್ಟೇ ಇಳಿಸಿದರೂ ಅದನ್ನು ಕೊಳ್ಳಬೇಡಿ.