ಕುರಿ ಓಡಿಸಿ ರಕ್ತ ತೆಗೆಯಬೇಡಿ: ಹಿಮೋಗ್ಲೋಬಿನ್ ಅಳೆಯುವಾಗ ನಾನು ಕಲಿತದ್ದು

ಕುಷ್ಟಗಿ ಕಡೆ ಒಂದು ಕುರಿ ಹಟ್ಟಿ. ಮಳೆಗಾಲ ಮುಗಿಯುತ್ತಾ ಬಂದಿತ್ತು. "ಸಾಹೇಬ್ರ, ಮೇವು ಚಲೋ ತಿಂತಾವ್ರಿ, ಆದ್ರ ಸೊರಗಾಕ ಹತ್ಯಾವ್ರಿ" ಅಂತ ಹಿರಿಯರೊಬ್ಬರು ಕರೆಸಿದ್ದರು. ಒಂದು ಕುರಿಯ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದ ಹಾಗೆ ಬೆಳ್ಳಗಿತ್ತು. ಗದ್ದದ ಕೆಳಗೆ ಬಾವು ಬೇರೆ. ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಜಂತು ಅನ್ನೋ ಅನುಮಾನಕ್ಕೆ ಅಷ್ಟು ಸಾಕು. ಒಂದೊಂದು ಜಂತು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ, ಸಾವಿರ ಇದ್ದರೆ ಲೆಕ್ಕ ಹಾಕಿ.

ನನಗೆ ಬೇಕಿದ್ದದ್ದು ರೆಪ್ಪೆ ಅರೆಬರೆ ಬಿಳಿಚಿದ್ದ ಕುರಿಗಳ ಹಿಮೋಗ್ಲೋಬಿನ್ ಲೆಕ್ಕ, ಅಂದರೆ ಕೆಂಪು ಕಣಗಳಲ್ಲಿ ಆಮ್ಲಜನಕ ಹೊರುವ ವಸ್ತು ಎಷ್ಟಿದೆ ಅಂತ. ಹುಡುಗರು ಒಂದನ್ನು ಹಟ್ಟಿ ತುಂಬಾ ಓಡಿಸಿ ಹಿಡಿದುಕೊಟ್ಟರು. ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬಿಗೆ ಹಾಕಿ, ಕುಲುಕದೆ ಮೆಲ್ಲಗೆ ತಿರುಗಿಸಿದೆ. ಹಿಮೋಗ್ಲೋಬಿನ್ ಅಳೆಯುವ ಗೆರೆ ಹಾಕಿದ ಸಾಹ್ಲಿ ನಳಿಕೆಯಲ್ಲಿ ಕೆಳಗಿನ 2ರ ಗೆರೆವರೆಗೆ ಎನ್ ಬೈ ಟೆನ್ (ತೆಳು ಮಾಡಿದ) ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ ಪಿಪೆಟ್‌ನಲ್ಲಿ 0.02 ಮಿ.ಲೀ. ರಕ್ತ. ಪಿಪೆಟ್‌ನ ಹೊರಗೆ ಅಂಟಿದ ರಕ್ತ ಒರೆಸೋದು ಮರೀಬಾರದು, ಅಳತೆಯೇ ಅಷ್ಟು ಚಿಕ್ಕದು. ಆಮೇಲೆ ಹತ್ತು ನಿಮಿಷ ಸುಮ್ನೆ ಕಾಯಬೇಕು. ಮೊದಲ ವರ್ಷಗಳಲ್ಲಿ ನಾನು ಎರಡು ಮೂರು ನಿಮಿಷಕ್ಕೇ ಓದಿಬಿಡ್ತಿದ್ದೆ. ಕಂದು ಬಣ್ಣ ಪೂರ್ತಿ ಬಂದಿರಲ್ಲ, ಹಾಗಾಗಿ ಅಳತೆ ಕಡಿಮೆ ತೋರಿಸುತ್ತೆ. ಆಮೇಲೆ ಡಿಸ್ಟಿಲ್ಡ್ ನೀರನ್ನು ಹನಿ ಹನಿ ಹಾಕಿ, ಕಲಕಿ, ಪಕ್ಕದ ಗಾಜಿನ ಬಣ್ಣಕ್ಕೆ ಹೊಂದಿಸಿ, ಬೆಳಕಿಗೆ ಹಿಡಿದು ಓದಿದೆ.

100 ಮಿ.ಲೀ. ರಕ್ತಕ್ಕೆ 9.4 ಗ್ರಾಂ. ಕುರಿಗೆ 9ರಿಂದ 15 ಅಂದರೆ ಸರಿ, ಅಲ್ವಾ? ಆದರೆ ರೆಪ್ಪೆ ಆ ಮಾತು ಹೇಳ್ತಿರಲಿಲ್ಲ. ಅದೇ ಕುರಿಯನ್ನು ಬೇವಿನ ನೆರಳಲ್ಲಿ ಕಟ್ಟಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆದರೆ 7.6! ಹೆದರಿ ಓಡಿದಾಗ ಗುಲ್ಮ (ಸ್ಪ್ಲೀನ್) ಕುಗ್ಗಿ, ತನ್ನಲ್ಲಿ ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ನಮ್ಮ ಬಿಸಿಲಲ್ಲಿ ನೀರು ಕುಡಿಯದೆ ಒಣಗಿದ ಕುರಿಗೂ ಹೀಗೇ ಜಾಸ್ತಿ ತೋರಿಸುತ್ತೆ. ಈಗ ಬೆಳಿಗ್ಗೆ ಹಟ್ಟಿಯಿಂದ ಬಿಡೋ ಮೊದಲೇ ಹೋಗ್ತೀನಿ.

ಕೈಯಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಇದ್ದರೆ ಅದನ್ನೂ ನೋಡಿ. ಹಿಮೋಗ್ಲೋಬಿನ್ ಅದರ ಮೂರನೇ ಒಂದು ಪಾಲಿನ ಹತ್ತಿರ ಇರಬೇಕು. ಹಾಗೆ ಹೊಂದದಿದ್ದರೆ ಮೊದಲು ಸ್ಯಾಂಪಲ್ ಮೇಲೆ, ಆಮೇಲೆ ನನ್ನ ಕೈ ಮೇಲೆ ಅನುಮಾನ ಪಡ್ತೀನಿ.

ಕೆಂಪು ಕಣ ರಕ್ತದಲ್ಲೇ ಒಡೆದರೆ ಮೂತ್ರದಲ್ಲೂ ಹಿಮೋಗ್ಲೋಬಿನ್ ಬರುತ್ತೆ. ಸಿಂಧನೂರು ಕಡೆ ಕರು ಹಾಕಿ ಮೂರು ವಾರ ಆಗಿದ್ದ ಎಮ್ಮೆ ಕಾಫಿ ಬಣ್ಣದ ಗಂಜಲ ಹಾಕ್ತಿತ್ತು. ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿ ಮೇಲೆ ಇಟ್ಟೆ. ಬರೀ ರಕ್ತ ಹೋಗುತ್ತಿದ್ದರೆ ಕಣಗಳು ತಳಕ್ಕೆ ಇಳಿದು ಮೇಲೆ ತಿಳಿಯಾಗಬೇಕಿತ್ತು. ಎರಡು ಗಂಟೆ ಆದರೂ ಬಣ್ಣ ಹಾಗೇ ನಿಂತಿತ್ತು, ಅಂದರೆ ಹಿಮೋಗ್ಲೋಬಿನ್. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಪರೀಕ್ಷೆ ರಕ್ತ, ಹಿಮೋಗ್ಲೋಬಿನ್ ಇವೆರಡನ್ನೂ ಬೇರೆ ಮಾಡಿ ಹೇಳಲ್ಲ, ಎರಡಕ್ಕೂ ಬಣ್ಣ ತಿರುಗುತ್ತೆ. ರಕ್ತದ ಸ್ಲೈಡಿನಲ್ಲಿ ಕೆಂಪು ಕಣ ಒಡೆಯುವ ಬೆಬೀಸಿಯಾ ಪರಾವಲಂಬಿ ಸಿಗಲಿಲ್ಲ, ರಕ್ತದಲ್ಲಿ ರಂಜಕ ಕಡಿಮೆ ಇತ್ತು, ಅದರಿಂದಲೂ ಕಣ ಒಡೆಯುತ್ತವೆ. ರಂಜಕದ ಇಂಜೆಕ್ಷನ್ ಶುರು ಮಾಡಿದ ನಾಲ್ಕನೇ ದಿನ ಮನೆಯವರು ಅದೇ ಬಾಟಲಿ ತಂದು ತೋರಿಸಿದರು, ಗಂಜಲ ತಿಳಿಹಳದಿಗೆ ತಿರುಗಿತ್ತು.