ಐದೂವರೆ ಕೆಜಿ ಬಟ್ಟು ಹೊತ್ತು ಡೆಲ್ಲಿಗೆ

ಕಳೆದ ಶೂಟಿಂಗ್ ಮ್ಯಾಚ್‌ನಲ್ಲಿ ನಮ್ಮ ನಾಲ್ಕೂ ಏರ್ ರೈಫಲ್‌ಗಳು ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ, ಅಂದರೆ ರೈಫಲ್ ನಿಯಮದಂತೆ ಇದೆಯಾ ಅಂತ ನೋಡುವ ತಪಾಸಣೆಯಲ್ಲಿ, ಒಂದೇ ಸಲಕ್ಕೆ ಪಾಸಾದವು. ಒಂದಂತೂ 5,497 ಗ್ರಾಂ. ತೂಕದ ಮಿತಿ 5,500 ಅಲ್ವಾ? "ಅಷ್ಟು ಅಂಚಿಗೆ ಹೋಗ್ಬೇಡ ಗುರು" ಅಂದವರೆಲ್ಲ ಈಗ ನನ್ನ ತೂಕದ ಬಟ್ಟು ಸಾಲ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮರ್ಯಾದೆ ಹೋಗಿತ್ತು. ಬೆಂಗಳೂರಿನ ಮನೆಯಲ್ಲಿ 5,496 ತೋರಿಸಿದ್ದ ರೈಫಲ್, ಡೆಲ್ಲಿಯ ಮ್ಯಾಚ್‌ನಲ್ಲಿ 5,504 ಬಂತು. ನಿಮ್ಮ ಸ್ಕೇಲೇ ಸರಿಯಿಲ್ಲ ಅಂತ ಜಗಳಕ್ಕೆ ನಿಂತೆ. ತಪಾಸಣೆಯವರು ಮಾತಾಡದೆ ಚೆಕ್ ವೇಟ್ (ತೂಕ ಖಚಿತವಿರುವ ಬಟ್ಟು) ತಂದಿಟ್ಟರು. ಒಂದು ಗ್ರಾಂ ಕೂಡ ಆಚೀಚೆ ಇಲ್ಲ. ರೈಫಲ್‌ನ ಸ್ಟಾಕ್‌ನಿಂದ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಒಂದು ತೂಕ ಬಿಚ್ಚಿ ಪಾಸ್ ಮಾಡಿಸಿದೆವು. ಆದರೆ ಆ ರೈಫಲ್ ಹಿಡಿದ ನಮ್ಮ ಹುಡುಗಿಗೆ ಬ್ಯಾಲೆನ್ಸ್ ಕೆಟ್ಟಿತು, ಸ್ಕೋರೂ ಕೆಟ್ಟಿತು.

ಆ ಹೊತ್ತಿಗಾಗಲೇ ಸ್ಕೇಲ್‌ಗಳಿಗೆ ಹತ್ತು ಸಾವಿರ ಸುರಿದಿದ್ದೆ. ಲಗೇಜ್ ತೂಗುವ ಕೊಕ್ಕೆ ಸ್ಕೇಲ್, ನಾನೂರು ಚಿಲ್ಲರೆ. ಹತ್ತತ್ತು ಗ್ರಾಂ ಹಾರುತ್ತದೆ, ದಂಡ. ಅಡುಗೆಮನೆ ಸ್ಕೇಲ್, ಆರುನೂರು. ರೈಫಲ್ ನಾಲ್ಕು ಬೆರಳು ಹಿಂದೆ ಸರಿಸಿದರೆ ಮೂರು ಗ್ರಾಂ ಬದಲಾಗುತ್ತಿತ್ತು. ಕೊನೆಗೆ ಒಂಬತ್ತು ಸಾವಿರ ಕೊಟ್ಟು ಡೆಲ್ಲಿಯಿಂದಲೇ ತರಿಸಿದೆ. ಅಲ್ಲೇ ಕ್ಯಾಲಿಬ್ರೇಟ್ ಮಾಡಿ, ಅಂದರೆ ಬಟ್ಟು ಇಟ್ಟು ಸರಿಹೊಂದಿಸಿ ಕಳಿಸಿದ್ದರು. ನನ್ನ ಮರ್ಯಾದೆ ತೆಗೆದದ್ದು ಇದೇ ಸ್ಕೇಲು!

ಆಮೇಲೆ ಹೊಳೆಯಿತು. ಸ್ಕೇಲ್ ಒಳಗಿನ ಲೋಡ್ ಸೆಲ್‌ಗೆ (ತೂಕ ಅಳೆಯುವ ಸೆನ್ಸರ್) ಗೊತ್ತಾಗುವುದು ಭೂಮಿಯ ಎಳೆತ ಮಾತ್ರ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಡೆಲ್ಲಿಗಿಂತ ಸಮಭಾಜಕಕ್ಕೂ ಹತ್ತಿರ. ಎಳೆತ ಇಲ್ಲಿ ಒಂಚೂರು ಕಡಿಮೆ, ಹಾಗಾಗಿ ಡೆಲ್ಲಿಯಲ್ಲಿ ಸರಿಹೊಂದಿಸಿದ ಸ್ಕೇಲ್ ಇಲ್ಲಿ ಕಡಿಮೆ ತೋರಿಸುತ್ತದೆ. ಐದೂವರೆ ಕೆಜಿಗೆ ಅದು ಸುಮಾರು 6 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಐದು ರೂಪಾಯಿ ನಾಣ್ಯದಷ್ಟು. ಉಳಿದ ಎರಡು ಗ್ರಾಂ ನಾನು ರೈಫಲ್ ಇಡುವ ರೀತಿಯದ್ದು.

ಸೀಲ್ ಇರುವ 5 ಕೆಜಿ ಬಟ್ಟು, ಅರ್ಧ ಕೆಜಿ ಬಟ್ಟು ಕೊಂಡೆ. ಎರಡೂ ಸೇರಿ ಸಾವಿರದೊಳಗೆ. ಅಂಗಡಿ ಬಟ್ಟನ್ನೂ ಕಣ್ಣುಮುಚ್ಚಿ ನಂಬಬೇಡಿ. ಲ್ಯಾಬ್‌ನಲ್ಲಿ ತೂಗಿಸಿದಾಗ ದೊಡ್ಡದು ಒಂದು ಗ್ರಾಂ ಜಾಸ್ತಿ ಇತ್ತು. ಅದನ್ನು ಟೇಪ್ ಮೇಲೆ ಬರೆದು ಅಂಟಿಸಿದ್ದೇನೆ. ಈಗ ಸ್ಕೇಲ್ ಅರ್ಧ ಗಂಟೆ ಆನ್ ಇಟ್ಟು, ಫ್ಯಾನ್ ಆರಿಸಿ, ಮೊದಲು ಬಟ್ಟು, ಆಮೇಲೆ ರೈಫಲ್, ಮತ್ತೆ ಬಟ್ಟು. ನೋಡುವುದು ಎರಡರ ವ್ಯತ್ಯಾಸ ಅಷ್ಟೇ. ರೈಫಲ್ ಕೂರಿಸಲು ಪಿವಿಸಿ ಪೈಪಿನ ಸ್ಟ್ಯಾಂಡ್ ಇದೆ. ಅದರ ಅಳತೆ ಮಾತ್ರ ಕೇಳಬೇಡಿ, ಮೂರು ತಿಂಗಳು ಕೂತು ಮಾಡಿದ್ದು.

ಅದರ ಮುಂದಿನ ವರ್ಷ ಸ್ಕೇಲ್, ಬಟ್ಟು ಎರಡನ್ನೂ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೊತ್ತು ಹೋದೆ. "ಏನ್ ಗುರು, ತರಕಾರಿ ಮಾರೋಕಾ?" ಅಂತ ಬೋಗಿ ತುಂಬ ನಗು. ಇಲ್ಲಿ 5,495 ತೋರಿಸಿದ್ದ ಬಟ್ಟುಗಳು ಅಲ್ಲಿ 5,501 ತೋರಿಸಿದವು. ನಗು ನಿಂತಿತು.

ಸುಮ್ನೆ ಕುತೂಹಲಕ್ಕೆ ರೈಫಲ್‌ನ ಗಾಳಿ ಸಿಲಿಂಡರ್ ಕೂಡ ತೂಗಿ ನೋಡಿದೆ. ಖಾಲಿಗೂ 200 ಬಾರ್ ಒತ್ತಡಕ್ಕೆ ತುಂಬಿದ್ದಕ್ಕೂ ಮೂವತ್ತೈದು, ನಲವತ್ತು ಗ್ರಾಂ ವ್ಯತ್ಯಾಸ! ಗಾಳಿಗೂ ಅಷ್ಟು ತೂಕ. ಮನೆಯಲ್ಲಿ ಅರ್ಧ ಸಿಲಿಂಡರ್ ಇಟ್ಟು ತೂಗಿ, ರೇಂಜ್‌ನಲ್ಲಿ ಫುಲ್ ಮಾಡಿಸಿ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ. ಯಾವತ್ತೂ ಫುಲ್ ಇಟ್ಟೇ ತೂಗಿ. ಸೈಟಿಂಗ್ (ಗುರಿ ಸರಿ ಮಾಡಿಕೊಳ್ಳುವ ಶಾಟ್‌ಗಳು) ಸೇರಿ ಎಂಬತ್ತು ಶಾಟ್‌ಗೆ ನನ್ನ ರೈಫಲ್ ಏಳೆಂಟು ಗ್ರಾಂ ಇಳಿಯಿತು.

ಪರಿಚಯದ ದಿನಸಿ ಅಂಗಡಿಯ ಹಳೇ ತಕ್ಕಡಿಯಲ್ಲೂ ತೂಗಿದೆ. ಎರಡೂ ತಟ್ಟೆಗೆ ಎಳೆತ ಒಂದೇ, ಹಾಗಾಗಿ ಊರು ಬದಲಾದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಐದು ಗ್ರಾಂ ಹಾಕಿದರೂ ಮುಳ್ಳು ಅಲ್ಲಾಡಲಿಲ್ಲ.

ಬೇಸಿಗೆಗೆ ಊಟಿಗೆ ಹೋಗುವ ಪ್ಲಾನ್ ಇದೆ. ಅಲ್ಲಿ ಇನ್ನೊಂದೆರಡು ಗ್ರಾಂ ಇಳಿಯಬೇಕು. ಬಟ್ಟು, ಸ್ಕೇಲ್ ಕಾರಿನಲ್ಲಿ ಬರುತ್ತವೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.