ಹಳೆಯ ಜಪಾನಿ ಪಂಕ್ ರೆಕಾರ್ಡ್ ಕೊಳ್ಳುವ ಮೊದಲು ವಿಳಾಸ ಓದಿ

ಟೋಕಿಯೊಗೆ ಬಂದ ಹೊಸದು. ನಿಶಿಕಸಾಯ್‌ನಲ್ಲಿ ಮನೆ. ಅಲ್ಲಿಂದ ತೋಜಾಯ್ ಲೈನಿನ ಮಿತಾಕಾ ರೈಲು ಹಿಡಿದರೆ ಎಲ್ಲೂ ಇಳಿಯದೆ ಕೊಯೆಂಜಿ ತಲುಪಬಹುದು. ಅಲ್ಲಿನ ಒಂದು ಅಂಗಡಿಯಲ್ಲಿ 9,000 ಯೆನ್ ಕೊಟ್ಟು ಏಳಿಂಚಿನ ಹಾರ್ಡ್‌ಕೋರ್ (ಪಂಕ್‌ನಲ್ಲೇ ಇನ್ನೂ ವೇಗದ, ಒರಟಾದ ಬಗೆ) ರೆಕಾರ್ಡ್ ತಂದೆ. 1984ರದ್ದು, ಒರಿಜಿನಲ್ ಅಂತ ಚೀಟಿ ಅಂಟಿಸಿದ್ದರು. ಮನೆಗೆ ಬಂದು ಒಳಗಿನ ಹಾಳೆ ಬಿಡಿಸಿದರೆ ಕೆಳಗೆ ಲೇಬಲ್‌ನ, ಅಂದರೆ ರೆಕಾರ್ಡ್ ತಂದ ಕಂಪನಿಯ, ವಿಳಾಸ. ಪಿನ್‌ಕೋಡ್‌ಗೆ ಏಳು ಅಂಕಿ. ಅಲ್ಲಿಗೆ ಮುಗಿಯಿತು ಕಥೆ. ಜಪಾನಿನ ಪಿನ್‌ಕೋಡ್ ಏಳು ಅಂಕಿ ಆಗಿದ್ದು 1998ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ಮೂರು, ಇಲ್ಲವೇ ಐದು.

ಅವತ್ತಿಂದ ನಾನು ಮೊದಲು ನೋಡೋದು ವಿಳಾಸ. ಜಪಾನಿ ಓದಲು ಬರದಿದ್ದರೂ ಪರವಾಗಿಲ್ಲ, ಅಂಕಿ ಬಂದರೆ ಸಾಕು.

ಪಿನ್‌ಕೋಡ್ ಆದಮೇಲೆ ಫೋನ್ ನಂಬರ್. ಟೋಕಿಯೊ ನಂಬರ್ 03ರಿಂದ ಶುರುವಾಗುತ್ತದೆ. ಅದರ ಮುಂದೆ ಏಳು ಅಂಕಿ ಇದ್ದರೆ 1991ಕ್ಕಿಂತ ಹಿಂದಿನದು. ಎಂಟು ಇದ್ದರೆ ಆಮೇಲಿನದು. ದೊಡ್ಡ ಕಂಪನಿಯ ರೆಕಾರ್ಡ್ ಆದರೆ ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ಇರುತ್ತದೆ, ಓಬಿ ಅಂತಾರೆ. ಅದರ ಮೇಲೆ ಬೆಲೆ. ಪಕ್ಕದಲ್ಲೇ ಆವರಣದೊಳಗೆ ಸ್ವಲ್ಪ ಕಡಿಮೆ ಇನ್ನೊಂದು ಬೆಲೆ ಇದೆಯಾ? ಅದು ತೆರಿಗೆ ಬಿಟ್ಟ ಬೆಲೆ. ಆ ತೆರಿಗೆ ಬಂದಿದ್ದೇ 1989ರ ಏಪ್ರಿಲ್‌ನಲ್ಲಿ. ಇಸವಿ ಇರಬೇಕಾದ ಜಾಗದಲ್ಲಿ ಬರೀ 58 ಅಂತಿದ್ದರೆ ಗಾಬರಿ ಬೇಡ. ಅದು ಶೋವಾ ಚಕ್ರವರ್ತಿಯ ಲೆಕ್ಕ ಇರಬಹುದು. 1925 ಕೂಡಿಸಿ, 1983 ಆಯಿತು.

ಇದೆಲ್ಲ ಮರುಮುದ್ರಣ ಹಿಡಿಯೋಕೆ. ಕಳ್ಳ ಪ್ರತಿಗೆ ಇದು ಸಾಲದು. ಕಳ್ಳ ಪ್ರತಿ ಮಾಡುವವರು ಹಳೆಯ ಹಾಳೆಯನ್ನೇ ಫೋಟೊ ತೆಗೆದು ಅಚ್ಚು ಹಾಕುತ್ತಾರೆ, ಹಳೆಯ ಪಿನ್‌ಕೋಡೂ ಜೊತೆಗೇ ಬರುತ್ತದೆ. ಅದಕ್ಕೆ ಭೂತಗನ್ನಡಿ ಬೇಕು. ಸಣ್ಣ ಅಕ್ಷರಗಳ ಹೊಟ್ಟೆಯೊಳಗೆ ಮಸಿ ತುಂಬಿದ್ದರೆ ಅನುಮಾನ ಪಡಿ. ಆದರೆ ಇಲ್ಲೊಂದು ತೊಡಕಿದೆ. ಈ ಬ್ಯಾಂಡ್ ಹುಡುಗರು ಒರಿಜಿನಲ್ ಹಾಳೆಯನ್ನೇ ಜೆರಾಕ್ಸ್‌ನಲ್ಲಿ ಮಾಡುತ್ತಿದ್ದರು! ಹಾಗಾಗಿ ಕೊನೆಯ ಮಾತು ರೆಕಾರ್ಡಿನದ್ದೇ. ಹಾಡು ಮುಗಿದಮೇಲೆ ನಡುವೆ ಅಂಟಿಸಿದ ಕಾಗದದ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೆತ್ತಿದ ನಂಬರ್ ಇರುತ್ತದೆ. ಖಚಿತವಾದ ಪ್ರತಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಹೋಲಿಸಿ ನೋಡಿ. ಯಾರೂ ಬೇಡ ಅನ್ನಲ್ಲ.

ಯಾವುದರಿಂದ ಶುರು ಮಾಡೋದು? ನನ್ನನ್ನು ಕೇಳಿದರೆ ಫ್ರಿಕ್ಷನ್ ಬ್ಯಾಂಡಿನ 1980ರ 'ಅತ್ಸುರೆಕಿ'. ರ್‍ಯೂಯಿಚಿ ಸಕಾಮೊತೊ ಅದರ ಪ್ರೊಡ್ಯೂಸರ್. ಆಮೇಲೆ ಇನು ಬ್ಯಾಂಡಿನ 1981ರ 'ಮೆಶಿ ಕೂನಾ!'. ಅಂದರೆ 'ಊಟ ಮಾಡಬೇಡ!' ಊಟ ಆಯ್ತಾ ಅಂತ ಕೇಳಿಕೊಂಡೇ ಬೆಳೆದ ನನಗೆ ಇದಕ್ಕಿಂತ ದೊಡ್ಡ ಬೈಗುಳ ಗೊತ್ತಿಲ್ಲ. ಮುಖಪುಟದಿಂದ ಗುರಾಯಿಸುತ್ತಿರುವ ಆ ಹುಡುಗ, ಬ್ಯಾಂಡಿನ ಗಾಯಕ ಮಚಿದಾ, ಮುಂದೆ ಕಾದಂಬರಿಕಾರನಾಗಿ 2000ದಲ್ಲಿ ಅಕುತಗಾವಾ ಪ್ರಶಸ್ತಿ ಪಡೆದರು. ಸ್ಟಾಲಿನ್ ಬ್ಯಾಂಡಿನ 'ಸ್ಟಾಪ್ ಜಾಪ್' 1982ರದ್ದು. ಅದೇ ವರ್ಷದ 'ಔಟ್‌ಸೈಡರ್' ಸಂಕಲನದಲ್ಲಿ ಗಾಜ್, ಗಿಸಮ್, ಕಮ್ಸ್ ಮೂರೂ ಬ್ಯಾಂಡ್ ಸಿಗುತ್ತವೆ. ಕಮ್ಸ್‌ನ ಗಾಯಕಿ ಚಿತೋಸೆಯ ದನಿ ಕೇಳಿದಮೇಲೆ ಅವರ 1983ರ 'ನೋ ಸೈಡ್' ಹುಡುಕದೆ ಇರೋಕೆ ಆಗಲ್ಲ.

ಕ್ಯೋತೊದ ಎಸ್‌ಎಸ್ ಬ್ಯಾಂಡಿನದು ಬೇರೆಯೇ ಕಥೆ. 1979ರಲ್ಲೇ ಯದ್ವಾತದ್ವಾ ವೇಗದಲ್ಲಿ ನುಡಿಸುತ್ತಿದ್ದರು. ಆ ಲೈವ್ ಕಾರ್ಯಕ್ರಮ ರೆಕಾರ್ಡ್ ಆಗಿ ಬಂದಿದ್ದು 1984ರಲ್ಲಿ, ಬ್ಯಾಂಡ್ ಮುಗಿದುಹೋದಮೇಲೆ. ಒಸಾಕಾದ ವ್ಯಾನಿಟಿ ಲೇಬಲ್ 1979ರಲ್ಲಿ ತಂದ ಆಂಟ್ ಸ್ಯಾಲಿ ಬ್ಯಾಂಡಿನ ಎಲ್‌ಪಿ (ದೊಡ್ಡ ರೆಕಾರ್ಡ್) ಅಚ್ಚಾಗಿದ್ದು ಬರೀ 300 ಪ್ರತಿ. ಅದರ ಒರಿಜಿನಲ್ ಆಸೆ ಬಿಡಿ. ಗಿಸಮ್‌ನ 'ಡಿಟೆಸ್ಟೇಶನ್' ಸುಮ್ನೆ ಕೇಳೋಕೆ ಬೇಕಿದ್ದರೆ 2020ರಲ್ಲಿ ಅಧಿಕೃತ ಮರುಮುದ್ರಣ ಬಂದಿದೆ. ಅದರಲ್ಲೇನೂ ನಾಚಿಕೆಯಿಲ್ಲ.

ಸೋನೋಶೀಟ್ ಬಗ್ಗೆ ಒಂದು ಮಾತು. ಕಾಗದದಷ್ಟು ತೆಳು ಪ್ಲಾಸ್ಟಿಕ್ ರೆಕಾರ್ಡ್ ಅದು. ಅಗ್ಗ ಅಂತ ಹಾರ್ಡ್‌ಕೋರ್ ಬ್ಯಾಂಡ್‌ಗಳಿಗೆ ಆಗ ಇದು ಜಾಸ್ತಿ ಇಷ್ಟವಾಗಿತ್ತು. ಸೀದಾ ಪ್ಲೇಯರ್ ಮೇಲೆ ಹಾಕಿದರೆ ಜಾರುತ್ತದೆ, ದನಿ ಓಲಾಡುತ್ತದೆ. ಕೆಳಗೊಂದು ಬೇಡದ ಎಲ್‌ಪಿ ಇಡಿ. ಆಗಲೂ ಜಾರಿದರೆ ನಡುಭಾಗದಲ್ಲಿ, ಮುಳ್ಳು ತಲುಪದ ಕಡೆ, ಒಂದು 10 ಯೆನ್ ನಾಣ್ಯ. ಅದರ ತೂಕ ನಾಲ್ಕೂವರೆ ಗ್ರಾಂ, ಸಾಕು. ಬಾಗಿದೆ ಅಂತ ಬಿಸಿಲಿಗೆ ಮಾತ್ರ ಹಿಡಿಯಬೇಡಿ. ಊರಿಗೆ ಒಯ್ಯುವಾಗ ಎರಡು ಎಲ್‌ಪಿಗಳ ನಡುವೆ ಇಟ್ಟು ಕೈಚೀಲದಲ್ಲಿ ತನ್ನಿ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿಯ ಕೆಳಗೆ ಇಟ್ಟು ಒಂದನ್ನು ಕಳಕೊಂಡಿದ್ದೇನೆ.